ದೇಹ ಕೊಟ್ಟದ್ದೆಷ್ಟು, ಊರು ಕೊಟ್ಟದ್ದೆಷ್ಟು?

ಪ್ರಶ್ನೆ: ನಾವು ವಿರಾಜಪೇಟೆ ತಾಲ್ಲೂಕಿನವರು. ಮಗಳು ಮಡಿಕೇರಿಯಲ್ಲಿ ಪದವಿ ಓದುತ್ತಿದ್ದಾಳೆ. ಗಂಡು, ಹೆಣ್ಣು ಎಂಬ ಭೇದವೆಲ್ಲ ಸಮಾಜ ಕಟ್ಟಿದ್ದು ಎಂಬುದು ಅವಳ ವಾದ. ಸೈನ್ಯದಿಂದ ನಿವೃತ್ತರಾಗಿರುವ ನಮ್ಮ ಯಜಮಾನರು ಅದೆಲ್ಲ ಪುಸ್ತಕದ ಮಾತು, ಈ ಗುಣಗಳು ಹುಟ್ಟಿನಿಂದಲೇ ಬರುತ್ತವೆ ಎನ್ನುತ್ತಾರೆ. ಬರೀ ವಾದವಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ನಮ್ಮ ಹನ್ನೊಂದು ವರ್ಷದ ಮಗನಿಗೆ ಹಾಕಿಯಲ್ಲಿ ಆಸಕ್ತಿಯಿಲ್ಲ. ಅಕ್ಕನ ಜೊತೆ ನಿಂತು ಕೊಡವ ಹೆಂಗಸರ ಕುಣಿತವಾದ ಉಮ್ಮತ್ತಾಟ್ ಹೆಜ್ಜೆ ಹಾಕುವುದೆಂದರೆ ಪ್ರಾಣ. ಯಜಮಾನರು ಅವನನ್ನು ಬಯ್ಯುತ್ತಾರೆ, ಮಗಳು ಅಪ್ಪನ ಮೇಲೆ ರೇಗುತ್ತಾಳೆ. ವಿಜ್ಞಾನ ಏನು ಹೇಳುತ್ತದೆ? ಮಗನನ್ನು ತಿದ್ದಬೇಕೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ವಿಜ್ಞಾನದ ಚರ್ಚೆ ನಾಳೆಯವರೆಗೆ ಕಾಯಬಹುದು, ದಿನವೂ ಬೈಗುಳ ಕೇಳುತ್ತಿರುವ ಹುಡುಗ ಕಾಯಲಾರ. ಅವನಲ್ಲಿ ತಿದ್ದಬೇಕಾದದ್ದು ಏನೂ ಇಲ್ಲ. ಹೆಂಗಸರ ಕುಣಿತವನ್ನು ಇಷ್ಟಪಡುವುದು ಕಾಯಿಲೆಯೂ ಅಲ್ಲ, ಯಾವ ಕಾಯಿಲೆಯ ಮುನ್ಸೂಚನೆಯೂ ಅಲ್ಲ. ಆ ಒಂದು ಇಷ್ಟವನ್ನು ಹಿಡಿದುಕೊಂಡು ಅವನು ಮುಂದೆ ಎಂಥವನಾಗುತ್ತಾನೆ ಎಂದು ತೀರ್ಮಾನಿಸುವುದು ತಪ್ಪು. ಈ ಮಾತು ಬಯ್ಯುವ ತಂದೆಗೂ, ಅವನ ಪರವಾಗಿ ನಿಲ್ಲುವ ಅಕ್ಕನಿಗೂ ಸಮನಾಗಿ ಅನ್ವಯಿಸುತ್ತದೆ.

ಇನ್ನು ತಂದೆ ಮಗಳ ವಾದ. ವರ್ಣತಂತು, ಹಾರ್ಮೋನು, ಜನನಾಂಗಗಳಿಗೆ ಸಂಬಂಧಿಸಿದ್ದನ್ನು ಜೈವಿಕ ಲಿಂಗ ಎನ್ನುತ್ತೇವೆ. ಗಂಡಸು ಹೀಗಿರಬೇಕು, ಹೆಂಗಸು ಹೀಗಿರಬೇಕು ಎಂಬ ನಿರೀಕ್ಷೆ, ಉಡುಗೆ, ಕೆಲಸ, ಹಕ್ಕು ಮತ್ತು ಒಬ್ಬ ವ್ಯಕ್ತಿಗೆ ತಾನು ಯಾರು ಎಂದು ಒಳಗೇ ಅನ್ನಿಸುವ ಗುರುತು, ಇವೆಲ್ಲವನ್ನೂ ಒಟ್ಟಿಗೆ ಲಿಂಗತ್ವ ಎನ್ನುವುದು ರೂಢಿ. ನಿಮ್ಮ ಯಜಮಾನರ ಮನಸ್ಸಿನಲ್ಲಿರುವುದು ಮೊದಲನೆಯದು, ಮಗಳು ಕಾಲೇಜಿನಲ್ಲಿ ಓದುತ್ತಿರುವುದು ಎರಡನೆಯದು. ಆದರೆ ಇಬ್ಬರಿಗೂ ಅರ್ಧರ್ಧ ಅಂಕ ಕೊಟ್ಟು ಈ ವಿಷಯವನ್ನು ಮುಗಿಸಲಾಗದು, ಏಕೆಂದರೆ ಈ ಎರಡೂ ಒಂದರೊಳಗೊಂದು ಹೆಣೆದುಕೊಂಡಿವೆ.

ಗರ್ಭದಲ್ಲಿ ಸುಮಾರು ಆರನೆಯ ವಾರದವರೆಗೆ ಗಂಡು ಭ್ರೂಣಕ್ಕೂ ಹೆಣ್ಣು ಭ್ರೂಣಕ್ಕೂ ಇರುವ ಜನನಗ್ರಂಥಿ ಒಂದೇ ರೂಪದ್ದು. ಅದು ವೃಷಣವೂ ಆಗಬಲ್ಲದು, ಅಂಡಾಶಯವೂ ಆಗಬಲ್ಲದು. ವೈ ವರ್ಣತಂತುವಿನಲ್ಲಿರುವ, 1990ರಲ್ಲಿ ವಿಜ್ಞಾನಿಗಳು ಗುರುತಿಸಿದ ಎಸ್‌ಆರ್‌ವೈ ಎಂಬ ವಂಶವಾಹಿ ಕೆಲಸಕ್ಕೆ ತೊಡಗಿದರೆ ಆ ಗ್ರಂಥಿ ವೃಷಣವಾಗಿ ಬೆಳೆದು ಟೆಸ್ಟೋಸ್ಟೆರಾನ್ ಸ್ರವಿಸಲು ಆರಂಭಿಸುತ್ತದೆ. ಆ ಹಾರ್ಮೋನಿನ ಪ್ರಭಾವ ಜನನಾಂಗಗಳಿಗಷ್ಟೇ ಸೀಮಿತವಲ್ಲ. ಸುಮಾರು 15,000 ಶಿಶುಗಳಲ್ಲಿ ಒಂದಕ್ಕೆ ಜನ್ಮಜಾತ ಅಡ್ರಿನಲ್ ಹೈಪರ್‌ಪ್ಲೇಸಿಯಾ ಎಂಬ ತೊಂದರೆ ಇರುತ್ತದೆ. ಈ ತೊಂದರೆಯುಳ್ಳ ಹೆಣ್ಣು ಶಿಶು ಗರ್ಭದಲ್ಲಿದ್ದಾಗಲೇ ಗಂಡು ಹಾರ್ಮೋನುಗಳಿಗೆ ಹೆಚ್ಚಾಗಿ ಒಡ್ಡಿಕೊಳ್ಳುತ್ತದೆ. ಅಂಥ ಹೆಣ್ಣುಮಕ್ಕಳು ಬಾಲ್ಯದಲ್ಲಿ ಸಾಮಾನ್ಯವಾಗಿ ಹುಡುಗರದ್ದು ಎನ್ನಿಸಿಕೊಂಡ ಆಟಿಕೆಗಳತ್ತ ಹೆಚ್ಚು ವಾಲುತ್ತಾರೆ, ಹೆತ್ತವರು ಗೊಂಬೆಯನ್ನೇ ಮುಂದಿಟ್ಟು ಪ್ರೋತ್ಸಾಹಿಸಿದರೂ ಈ ಒಲವು ಅಳಿಯುವುದಿಲ್ಲ ಎಂಬುದನ್ನು ಅಧ್ಯಯನಗಳು ತೋರಿಸಿವೆ. ಹಾಗಿದ್ದೂ ಅವರಲ್ಲಿ ಬಹುಪಾಲು ಮಂದಿ ತಮ್ಮನ್ನು ಹೆಣ್ಣೆಂದೇ ತಿಳಿಯುತ್ತಾರೆ. ಅಂದರೆ ಆಟದ ಒಲವು ಬೇರೆ, ತಾನು ಯಾರೆಂಬ ಗುರುತು ಬೇರೆ. ನಿಮ್ಮ ಮಗನ ವಿಷಯದಲ್ಲಿ ನೆನಪಿಡಬೇಕಾದ ಅಂಶ ಇದು.

ಎಲ್ಲವೂ ಬೆಳೆಸುವುದರಿಂದಲೇ ಬರುತ್ತದೆ ಎಂಬ ನಂಬಿಕೆ ಒಂದು ಜೀವವನ್ನೇ ಬಲಿ ತೆಗೆದುಕೊಂಡ ಪ್ರಕರಣವನ್ನು ನಿಮ್ಮ ಮಗಳು ತಿಳಿದಿರಬೇಕು. ಕೆನಡಾದ ವಿನ್ನಿಪೆಗ್‌ನಲ್ಲಿ 1965ರಲ್ಲಿ ಅವಳಿಗಳಾಗಿ ಹುಟ್ಟಿದ ಗಂಡುಮಕ್ಕಳಲ್ಲಿ ಒಬ್ಬನ ಶಿಶ್ನ ಸುನ್ನತಿಯ ವೇಳೆ ಸುಟ್ಟುಹೋಯಿತು. ಲಿಂಗತ್ವವನ್ನು ಕಲಿಸಬಹುದು ಎಂದು ನಂಬಿದ್ದ ಮನಶ್ಶಾಸ್ತ್ರಜ್ಞ ಜಾನ್ ಮನಿ ಅವರ ಸಲಹೆಯಂತೆ ಆ ಮಗುವನ್ನು ಶಸ್ತ್ರಚಿಕಿತ್ಸೆ ಮಾಡಿಸಿ ಹುಡುಗಿಯೆಂದು ಬೆಳೆಸಲಾಯಿತು, ಪ್ರಯೋಗ ಯಶಸ್ವಿಯಾಗಿದೆ ಎಂದು ವರ್ಷಗಟ್ಟಲೆ ಸಾರಲಾಯಿತು. ಮಗು ಮಾತ್ರ ಒಂದು ದಿನವೂ ಆ ಬದುಕಿಗೆ ಒಗ್ಗಲಿಲ್ಲ. ಹದಿಹರೆಯದಲ್ಲಿ ಸತ್ಯ ತಿಳಿದ ಮೇಲೆ ಗಂಡಾಗಿ ಬದುಕಲು ತೀರ್ಮಾನಿಸಿದ ಡೇವಿಡ್ ರೀಮರ್ 2004ರಲ್ಲಿ, ತಮ್ಮ 38ನೆಯ ವಯಸ್ಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಇಂಥದೇ ಮತ್ತೊಂದು ಪ್ರಕರಣದಲ್ಲಿ ಹೆಣ್ಣಾಗಿ ಬೆಳೆದ ಮಗು ದೊಡ್ಡವಳಾದ ಮೇಲೂ ಹೆಣ್ಣಾಗಿಯೇ ಉಳಿದದ್ದು ದಾಖಲಾಗಿದೆ, ಆದ್ದರಿಂದ ಒಂದೇ ಪ್ರಕರಣದಿಂದ ಸಿದ್ಧಾಂತ ಕಟ್ಟಬಾರದು. ಆದರೆ ಒಳಗಿನ ಗುರುತನ್ನು ಹೊರಗಿನಿಂದ ಬಲವಂತವಾಗಿ ಹೇರಿದರೆ ಏನಾಗಬಹುದು ಎಂಬುದಕ್ಕೆ ರೀಮರ್ ಅವರ ಬದುಕು ಸಾಕ್ಷಿ. ಮಗನನ್ನು ಬೈದು ಬೈದು ಗಂಡಸನ್ನಾಗಿ ಮಾಡಬಹುದು ಎಂದುಕೊಂಡಿರುವ ನಿಮ್ಮ ಯಜಮಾನರು ಕೂಡ, ತಿಳಿಯದೆಯೇ, ಕಲಿಸಿದರೆ ಬರುತ್ತದೆ ಎಂಬ ಅದೇ ನಂಬಿಕೆಯಿಂದ ನಡೆಯುತ್ತಿದ್ದಾರೆ. ಗುಣಗಳೆಲ್ಲ ಹುಟ್ಟಿನಿಂದಲೇ ಬರುತ್ತವೆ ಎಂಬುದು ಅವರ ನಿಜವಾದ ನಂಬಿಕೆಯಾಗಿದ್ದರೆ ಬಯ್ಯುವ ಅಗತ್ಯವೇ ಬೀಳುತ್ತಿರಲಿಲ್ಲ.

ಮಗಳ ವಾದಕ್ಕೆ ಪುರಾವೆ ಬೇಕಿದ್ದರೆ ಕೊಡಗು ಬಿಟ್ಟು ದೂರ ಹೋಗಬೇಕಿಲ್ಲ. ಕೊಡವರ ಸಂಪ್ರದಾಯದಲ್ಲಿ ಗಂಡುಮಗು ಹುಟ್ಟಿದರೆ ಹರಳು ಗಿಡದ ಕಡ್ಡಿಯಿಂದ ಪುಟ್ಟ ಬಿಲ್ಲು ಮಾಡಿ ಅದರ ಕೈಗೆ ಮುಟ್ಟಿಸುತ್ತಿದ್ದರು. ಹುಲಿ ಕೊಂದ ಗಂಡಸಿಗೆ ನರಿ ಮಂಗಲ (ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ, ಮಂಗಲ ಎಂದರೆ ಮದುವೆಯಂಥ ಸಮಾರಂಭ) ಮಾಡುತ್ತಿದ್ದರು, ಹತ್ತು ಮಕ್ಕಳನ್ನು ಹೆತ್ತ ತಾಯಿಗೂ ಮಂಗಲ ಮಾಡಿ ಗೌರವಿಸುತ್ತಿದ್ದರು. ಹೆರುವ ಶಕ್ತಿ ದೇಹದ್ದು. ಆ ಶಕ್ತಿಗೆ ಮಂಗಲವೇ ಸಲ್ಲಬೇಕು, ಹತ್ತು ಎಂಬ ಎಣಿಕೆಗೇ ಸಲ್ಲಬೇಕು ಎಂದು ನಿರ್ಧರಿಸಿದವರು ಜನರು. ಹುಟ್ಟಿದ ಕೂಡಲೇ ಬಿಲ್ಲು ಹಿಡಿಯುವ ಶಕ್ತಿ ಯಾವ ಶಿಶುವಿಗೂ ಇರುವುದಿಲ್ಲ, ಹುಡುಗನಿಗೂ ಇಲ್ಲ, ಹುಡುಗಿಗೂ ಇಲ್ಲ. ಒಂದಕ್ಕೆ ಮಾತ್ರ ಅದನ್ನು ಮುಟ್ಟಿಸುವುದರಲ್ಲಿ ಬೆಳೆಸುವವರ ಆಸೆ ಕಾಣುತ್ತದೆ.

ಆಸ್ತಿಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಕೊಡವರ ಒಕ್ಕ, ಅಂದರೆ ಮನೆತನ, ತಂದೆಯ ಕಡೆಯಿಂದ ಬೆಳೆಯುತ್ತದೆ, ಮದುವೆಯಾದ ಹೆಣ್ಣು ಗಂಡನ ಒಕ್ಕಕ್ಕೆ ಸೇರುತ್ತಾಳೆ. ಘಟ್ಟ ಇಳಿದು ತುಳುನಾಡಿಗೆ ಹೋದರೆ ಬಂಟರಲ್ಲಿ, ಬಿಲ್ಲವರಲ್ಲಿ ಪರಂಪರೆಯಿಂದ ಬಂದ ಅಳಿಯಕಟ್ಟು ತಾಯಿಯ ಕಡೆಯಿಂದ ಬೆಳೆಯುತ್ತದೆ. ಗಂಡು ಸಂತತಿಯಿಲ್ಲದ ಒಕ್ಕ ಅಳಿಯದಿರಲೆಂದು ಮಗಳ ಮಕ್ಕಳನ್ನು ಅವಳ ತವರಿನ ಒಕ್ಕಕ್ಕೇ ಸೇರಿಸಿಕೊಳ್ಳುವ ದಾರಿಯನ್ನು ಕೊಡವರೂ ಮಾಡಿಕೊಂಡಿದ್ದರು. ವಿಧವೆಯ ಮರುಮದುವೆ ಕೊಡವರಲ್ಲಿ ಹಿಂದಿನಿಂದಲೂ ಇತ್ತು, ನಾಡಿನ ಎಷ್ಟೋ ಜಾತಿಗಳಲ್ಲಿ ಅದೇ ಮಹಾಪಾಪವಾಗಿತ್ತು. ಘಟ್ಟದ ಮೇಲಿನ ಹೆಣ್ಣಿನ ದೇಹಕ್ಕೂ ಕೆಳಗಿನ ಹೆಣ್ಣಿನ ದೇಹಕ್ಕೂ ವ್ಯತ್ಯಾಸವಿಲ್ಲ. ದೇಹವೇ ಕಟ್ಟಳೆ ಮಾಡಿದ್ದರೆ ಇಷ್ಟು ಹತ್ತಿರದಲ್ಲಿ ಇಷ್ಟು ಬೇರೆ ಬೇರೆ ಕಟ್ಟಳೆಗಳು ಇರುತ್ತಿರಲಿಲ್ಲ.

ಕಟ್ಟಳೆ ಸಾಮರ್ಥ್ಯವನ್ನೂ ಬದಲಿಸಬಲ್ಲದು. ಈಶಾನ್ಯ ಭಾರತದ ಖಾಸಿಗಳು ತಾಯಿಯ ವಂಶವನ್ನು ಅನುಸರಿಸುವವರು, ಅವರ ನೆರೆಯ ಕಾರ್ಬಿಗಳು ತಂದೆಯ ವಂಶವನ್ನು ಅನುಸರಿಸುವವರು. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಬ್ಬರಿಗೂ ತುಂಡುಗಳನ್ನು ಜೋಡಿಸಿ ಚಿತ್ರ ಮಾಡುವ ಒಗಟನ್ನು ಕೊಟ್ಟಾಗ ಕಾರ್ಬಿ ಗಂಡಸರು ತಮ್ಮ ಹೆಂಗಸರಿಗಿಂತ ಬೇಗ ಬಿಡಿಸಿದರು, ಖಾಸಿಗಳಲ್ಲಿ ಆ ಅಂತರ ಕಾಣಲಿಲ್ಲ. ಹೆಣ್ಣುಮಕ್ಕಳಿಗೆ ದೊರೆತ ಶಿಕ್ಷಣ ಆ ವ್ಯತ್ಯಾಸದ ಸುಮಾರು ಮೂರನೆಯ ಒಂದು ಭಾಗವನ್ನು ವಿವರಿಸಿತು. ಆಕಾರಗಳನ್ನು ಮನಸ್ಸಿನಲ್ಲೇ ಹೊಂದಿಸಿ ನೋಡುವುದರಲ್ಲಿ ಗಂಡಸರು ಹುಟ್ಟಾ ಮುಂದೆ ಎಂಬ ಮಾತನ್ನು ನಾನು ಈಗ ಬಹಳ ಎಚ್ಚರಿಕೆಯಿಂದ ಕೇಳುತ್ತೇನೆ.

ಬದುಕಿನ ರೀತಿ ಹಾರ್ಮೋನನ್ನೂ ಬದಲಿಸುತ್ತದೆ ಎಂಬುದು ನಿಮ್ಮ ಯಜಮಾನರಿಗೆ ಅಚ್ಚರಿಯೆನಿಸಬಹುದು. ಫಿಲಿಪ್ಪೀನ್ಸ್‌ನ ಸೆಬು ಪ್ರದೇಶದಲ್ಲಿ ಆರುನೂರಕ್ಕೂ ಹೆಚ್ಚು ಯುವಕರನ್ನು ಹಲವು ವರ್ಷ ಗಮನಿಸಿದ ಅಧ್ಯಯನದಲ್ಲಿ ತಂದೆಯಾದವರ ಟೆಸ್ಟೋಸ್ಟೆರಾನ್ ಇಳಿದದ್ದು ಕಂಡುಬಂದಿತು, ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಹೊತ್ತು ಮಗುವನ್ನು ನೋಡಿಕೊಂಡವರಲ್ಲಿ ಆ ಇಳಿಕೆ ಇನ್ನೂ ಹೆಚ್ಚಾಗಿತ್ತು. ಮಗುವನ್ನು ಎತ್ತಿ ಆಡಿಸುವುದು ಗಂಡಸಿನ ಸ್ವಭಾವಕ್ಕೆ ವಿರುದ್ಧ ಎನ್ನುವವರಿಗೆ ಅವರ ದೇಹವೇ ಬೇರೆ ಉತ್ತರ ಕೊಡುತ್ತದೆ.

ವೈದ್ಯನಾದ ನನಗೆ ಹೆಚ್ಚು ಕಾಡುವ ಉದಾಹರಣೆ ರಕ್ತಹೀನತೆಯದು. ರಕ್ತಹೀನತೆ ಎನ್ನಲು ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಗಡಿ ಪ್ರತಿ ಡೆಸಿಲೀಟರ್‌ಗೆ ಗಂಡಸರಿಗೆ 13 ಗ್ರಾಂ ಹಿಮೋಗ್ಲೋಬಿನ್, ಗರ್ಭಿಣಿಯಲ್ಲದ ಹೆಂಗಸರಿಗೆ 12 ಗ್ರಾಂ. ದೇಹದ ವ್ಯತ್ಯಾಸವನ್ನು ಹೀಗೆ ಮೊದಲೇ ಬದಿಗಿಟ್ಟು ಎಣಿಸಿದ ಮೇಲೂ, 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57 ಮಂದಿ, ಅದೇ ವಯಸ್ಸಿನ ಗಂಡಸರಲ್ಲಿ ಶೇ 25 ಮಂದಿ ರಕ್ತಹೀನರೆಂದು ಕಂಡುಬಂದರು. ಮುಟ್ಟು, ಬಸಿರು, ಬಾಣಂತನಗಳಿಂದ ಕಬ್ಬಿಣಾಂಶ ಹೆಚ್ಚು ಖರ್ಚಾಗುತ್ತದೆ, ಅದು ನಿಜವಾದ ಜೈವಿಕ ಕಾರಣ. ಹೆಚ್ಚು ಖರ್ಚಾಗುವ ದೇಹಕ್ಕೆ ಹೆಚ್ಚು ಬಡಿಸಬೇಕಲ್ಲವೇ? ಎಲ್ಲರಿಗೂ ಬಡಿಸಿದ ಮೇಲೆ, ಮಾಂಸದ ತುಂಡು ಮುಗಿದ ಮೇಲೆ ಉಳಿದದ್ದನ್ನು ಉಣ್ಣುವುದು ಹೆಂಗಸರ ಪದ್ಧತಿಯಾಗಿರುವ ಮನೆಗಳು ಇಂದಿಗೂ ಎಷ್ಟೋ ಇವೆ. ಆ ರಕ್ತಪರೀಕ್ಷೆಯ ಚೀಟಿಯಲ್ಲಿ ಪ್ರಕೃತಿಯ ಪಾಲು ಎಲ್ಲಿ ಮುಗಿಯಿತು, ಅಡುಗೆಮನೆಯ ಪಾಲು ಎಲ್ಲಿ ಆರಂಭವಾಯಿತು ಎಂದು ಗೆರೆ ಎಳೆಯಲು ಯಾರಿಂದಲೂ ಆಗದು, ಎರಡೂ ಸೇರಿ ಒಂದೇ ಅಂಕಿಯಾಗಿರುತ್ತವೆ.

ನನ್ನ ಅಭಿಪ್ರಾಯದಲ್ಲಿ ತಂದೆ ಮಗಳಿಬ್ಬರೂ ಒಂದೇ ತಪ್ಪು ನಂಬಿಕೆಯನ್ನು ಹಂಚಿಕೊಂಡಿದ್ದಾರೆ. ಹುಟ್ಟಿನಿಂದ ಬಂದದ್ದಾದರೆ ಅದು ಬದಲಾಗದು ಮತ್ತು ಸರಿಯಾದದ್ದು, ಸಮಾಜ ಕಟ್ಟಿದ್ದಾದರೆ ಅದು ಪೊಳ್ಳು ಎಂದು ಇಬ್ಬರೂ ಭಾವಿಸಿದ್ದಾರೆ. ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬರುವ ಜಮೀನಿನ ಜಮ್ಮಾ ಹಿಡುವಳಿ ಜನರು ಮಾಡಿಕೊಂಡ ವ್ಯವಸ್ಥೆಯೇ, ಹಾಗೆಂದು ಅದು ಇಲ್ಲವೇ ಇಲ್ಲ ಎಂದು ಕೊಡಗಿನಲ್ಲಿ ಯಾರೂ ಹೇಳಲಾರರು. ಸಮೀಪದೃಷ್ಟಿ ಬಹುಮಟ್ಟಿಗೆ ವಂಶದಿಂದ ಬರುತ್ತದೆ, ಆದರೂ ನಾವು ಕನ್ನಡಕ ಹಾಕುತ್ತೇವೆ. ಒಂದು ಭೇದ ಎಲ್ಲಿಂದ ಬಂತು ಎಂಬುದು ಒಂದು ಪ್ರಶ್ನೆ, ಅದನ್ನು ಇಟ್ಟುಕೊಂಡು ಯಾರಿಗೆ ಏನು ಕೊಡಬೇಕು, ಯಾರಿಂದ ಏನು ಕಸಿಯಬೇಕು ಎಂಬುದು ಮತ್ತೊಂದು. ಮೊದಲನೆಯದಕ್ಕೆ ಪ್ರಯೋಗಾಲಯ ಉತ್ತರಿಸಬಹುದು, ಎರಡನೆಯದಕ್ಕೆ ಮನೆಯವರೇ ಉತ್ತರಿಸಬೇಕು.

ಮಗನ ಬಗ್ಗೆ ಇನ್ನೆರಡು ಮಾತು. ಉಮ್ಮತ್ತಾಟ್ ಹೆಂಗಸರದ್ದು, ಬೊಳಕಾಟ್ ಗಂಡಸರದ್ದು ಎಂಬುದು ಸಂಪ್ರದಾಯದ ಹಂಚಿಕೆ. ಕೌಟುಂಬಿಕ ಹಾಕಿ ಪಂದ್ಯಾವಳಿಯಲ್ಲಿ ಒಕ್ಕದ ತಂಡದೊಳಗೆ ಹೆಣ್ಣುಮಕ್ಕಳು ಸ್ಟಿಕ್ ಹಿಡಿದು ಗಂಡಸರ ಜೊತೆ ಆಡುವಾಗ ಎಲ್ಲರೂ ಚಪ್ಪಾಳೆ ತಟ್ಟುತ್ತೇವೆ, ದೇವರಪುರದ ಕುಂಡೆ ಹಬ್ಬದಲ್ಲಿ ಗಂಡಸರು ಹೆಣ್ಣಿನ ವೇಷ ಹಾಕಿದರೆ ಅದನ್ನು ಹರಕೆ ಎನ್ನುತ್ತೇವೆ. ಹನ್ನೊಂದರ ಹುಡುಗನ ನಾಲ್ಕು ಹೆಜ್ಜೆಗೆ ಮಾತ್ರ ಹೆದರುವುದೇಕೆ? ಅವನು ಮುಂದೆ ತನ್ನ ಗುರುತಿನ ಬಗ್ಗೆ ಏನಾದರೂ ಹೇಳಿಕೊಂಡರೆ ಕೇಳಿಸಿಕೊಳ್ಳಿ, ಹೇಳಿಕೊಳ್ಳದಿದ್ದರೆ ಕೆದಕಬೇಡಿ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಲಿಂಗತ್ವದ ಭಿನ್ನತೆ ಮಾನಸಿಕ ಕಾಯಿಲೆಗಳ ವಿಭಾಗದಲ್ಲಿ ಇಲ್ಲ, ಅದನ್ನು ಬದಲಿಸುತ್ತೇವೆ ಎಂದು ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೂ ಅದೇ ವರ್ಷ ತಿಳಿಸಿದೆ. ಯಾರಾದರೂ ಅಂಥ ಚಿಕಿತ್ಸೆಯ ಆಸೆ ತೋರಿಸಿದರೆ ಮಗನನ್ನು ಅಲ್ಲಿಗೆ ಕರೆದೊಯ್ಯಬೇಡಿ.

ಪ್ರಶ್ನೆ: ಸೋಮವಾರಪೇಟೆ ಕಡೆಯ ಸಣ್ಣ ಬೆಳೆಗಾರ ನಾನು. ತೋಟದಲ್ಲಿ ಗಂಡಾಳಿಗೆ ಹೆಚ್ಚು ಕೂಲಿ, ಹೆಣ್ಣಾಳಿಗೆ ಕಡಿಮೆ. ಗಂಡಸಿಗೆ ಬಲ ಹೆಚ್ಚು, ಏಣಿ ಹತ್ತಿ ಮೆಣಸು ಕೊಯ್ಯುವವನು ಅವನೇ. ಇದು ಪ್ರಕೃತಿ ಮಾಡಿದ ವ್ಯತ್ಯಾಸ ತಾನೇ?

ಉತ್ತರ: ಬಲದ ವಿಷಯದಲ್ಲಿ ನೀವು ಹೇಳುವುದು ಸರಿ. ತೋಳಿನ ಶಕ್ತಿ, ಕೈಹಿಡಿತಗಳಲ್ಲಿ ಗಂಡು ಹೆಣ್ಣಿನ ಸರಾಸರಿಯ ನಡುವೆ ದೊಡ್ಡ ಅಂತರವಿದೆ, ಪ್ರೌಢಾವಸ್ಥೆಯಲ್ಲಿ ಏರುವ ಟೆಸ್ಟೋಸ್ಟೆರಾನ್ ಅದಕ್ಕೆ ಮುಖ್ಯ ಕಾರಣ. ಸಿಲ್ವರ್ ಓಕ್ ಮರಕ್ಕೆ ಏಣಿ ಚಾಚಿ ಮೆಣಸು ಕೊಯ್ಯುವುದು, ಮರ ಕಪಾತು ಮಾಡುವುದು, ಅಂದರೆ ಕೊಂಬೆ ಕಡಿಯುವುದು, ಅಪಾಯದ ಕೆಲಸ, ಆ ಅಪಾಯಕ್ಕೆ ಹೆಚ್ಚು ದರ ಕೊಡುವುದು ನ್ಯಾಯವೇ.

ಆದರೆ ಕಳೆ ತೆಗೆಯುವ ದಿನ, ಗೊಬ್ಬರ ಹಾಕುವ ದಿನ, ಚಿಗುರು ತೆಗೆಯುವ ದಿನ ಇಬ್ಬರೂ ಒಂದೇ ಸಾಲಿನಲ್ಲಿ, ಒಂದೇ ಹೊತ್ತು ದುಡಿಯುವಾಗಲೂ ಕೂಲಿಯಲ್ಲಿ ವ್ಯತ್ಯಾಸ ಮಾಡುತ್ತೀರಾದರೆ ಅದಕ್ಕೆ ಸ್ನಾಯುವಿನ ಆಧಾರವಿಲ್ಲ. ಕಾಫಿ ಕೊಯ್ಲಿನಲ್ಲಿ ಕಿಲೋ ಲೆಕ್ಕದಲ್ಲಿ ಕೂಲಿ ಕೊಡುವಾಗ ಯಾರು ಕೊಯ್ದರೂ ಒಂದೇ ದರ ಇರುತ್ತದೆ, ಅಲ್ಲಿ ಯಾರೂ ಪ್ರಕೃತಿಯ ಮಾತೆತ್ತುವುದಿಲ್ಲ. ಹೆಂಗಸರ ಬೆರಳು ಚುರುಕು, ಹಣ್ಣು ಕೊಯ್ಯಲು ಅವರೇ ಬೇಕು ಎಂದು ಬೆಳೆಗಾರರು ಹೇಳುವುದನ್ನು ಕೇಳಿದ್ದೇನೆ. ಚುರುಕು ಪ್ರಕೃತಿ ಕೊಟ್ಟ ಗುಣವೇ ಆಗಿದ್ದರೆ, ಬಲಕ್ಕೆ ಬೆಲೆ ಕಟ್ಟಿದ ಹಾಗೆ ಅದಕ್ಕೂ ಕಟ್ಟಬೇಕಿತ್ತು. ಗಂಡಸಿನ ದೇಹದ ಗುಣ ಕೂಲಿಯನ್ನು ಏರಿಸುತ್ತದೆ, ಹೆಂಗಸಿನ ದೇಹದ ಗುಣ ಅವಳನ್ನು ಕಡಿಮೆ ಕೂಲಿಯ ಕೆಲಸಕ್ಕೆ ಕಟ್ಟಿಹಾಕುತ್ತದೆ. ಈ ಲೆಕ್ಕವನ್ನು ಬರೆದದ್ದು ಪ್ರಕೃತಿಯಲ್ಲ.

ಒಂದೇ ಕೆಲಸಕ್ಕೆ ಅಥವಾ ಅದೇ ಸ್ವರೂಪದ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಸಮಾನ ಕೂಲಿ ಕೊಡಬೇಕು ಎಂದು 1976ರ ಸಮಾನ ವೇತನ ಕಾಯ್ದೆ ಹೇಳಿತು, 2019ರ ವೇತನ ಸಂಹಿತೆಯಲ್ಲೂ ಅದೇ ತತ್ತ್ವವಿದೆ. ಹಾಜರಿ ಪುಸ್ತಕದಲ್ಲಿ ಗಂಡಾಳು, ಹೆಣ್ಣಾಳು ಎಂಬ ಎರಡು ದರದ ಬದಲು ಏಣಿ ಕೆಲಸ, ಕಪಾತು, ಕಳೆ, ಕೊಯ್ಲು ಎಂದು ಕೆಲಸದ ಹೆಸರಿನಲ್ಲಿ ದರ ಬರೆಯಿರಿ. ಏಣಿ ಹತ್ತುತ್ತೇನೆ ಎನ್ನುವ ಹೆಂಗಸು ಬಂದರೆ ಅವಳಿಗೆ ಹತ್ತಲು ಬರುತ್ತದೆಯೇ ಎಂಬುದನ್ನಷ್ಟೇ ನೋಡಿ, ಬಂದರೆ ಏಣಿಯ ದರವನ್ನೇ ಕೊಡಿ.