ಗಾಂಜಾ ಬಿಟ್ಟಾಯ್ತು, ಮಾತ್ರೆಯನ್ನೂ ಬಿಡಬಹುದೇ?

ಪ್ರಶ್ನೆ: ತಮ್ಮನಿಗೆ 21 ವರ್ಷ. ಪಿಯುಸಿಯಿಂದಲೂ ಗಾಂಜಾ ಸೇದುತ್ತಿದ್ದನಂತೆ. ಮೂರು ತಿಂಗಳ ಹಿಂದೆ, ಪಕ್ಕದ ಮನೆಯವರು ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ, ಯಾರೋ ಕಿವಿಯಲ್ಲಿ ಬೈಯುತ್ತಾರೆ ಎನ್ನತೊಡಗಿದ. ವೈದ್ಯರು ಕೊಟ್ಟ ಒಲಾಂಜಪಿನ್ ಎಂಬ ಮನೋರೋಗದ ಮಾತ್ರೆ ಶುರುವಾದ ಮೇಲೆ ಸುಧಾರಿಸಿದ್ದಾನೆ. ಗಾಂಜಾ ಬಿಟ್ಟು ಹತ್ತು ದಿನ. "ಗಾಂಜಾದಿಂದ ಬಂದದ್ದು, ಇನ್ನು ಮಾತ್ರೆ ಯಾಕೆ?" ಎನ್ನುತ್ತಾರೆ ಅಪ್ಪ. ಸರಿಯೇ?

ಉತ್ತರ: ಸರಿಯಲ್ಲ. ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ.

ಗಾಂಜಾಕ್ಕೂ ಸ್ಕಿಜೋಫ್ರೀನಿಯಾಕ್ಕೂ (ಇಲ್ಲದ ಧ್ವನಿ ಕೇಳುವ, ಸುಳ್ಳು ಸಂಶಯ ಕಾಡುವ ದೀರ್ಘ ಮನೋರೋಗ) ನಂಟಿರುವುದು ನಿಜ. ಸ್ವೀಡನ್ನಿನಲ್ಲಿ ಸೇನೆಗೆ ಕರೆಬಂದ 45,000ಕ್ಕೂ ಹೆಚ್ಚು ಯುವಕರನ್ನು 15 ವರ್ಷ ಗಮನಿಸಿದ ಅಧ್ಯಯನ 1987ರಲ್ಲಿ ಪ್ರಕಟವಾಯಿತು. 50ಕ್ಕಿಂತ ಹೆಚ್ಚು ಸಲ ಸೇದಿದ್ದವರಲ್ಲಿ ಈ ಕಾಯಿಲೆ ಸೇದದವರಿಗಿಂತ ಆರು ಪಟ್ಟು ಕಂಡಿತು. ಇತರ ಕಾರಣಗಳನ್ನು ಲೆಕ್ಕ ಹಿಡಿದಾಗ ಆ ಅಂತರ ತಗ್ಗಿತು, ಅಳಿಯಲಿಲ್ಲ. ಆದರೂ ಸೇದುವವರಲ್ಲಿ ಹೆಚ್ಚಿನವರಿಗೆ ಈ ಕಾಯಿಲೆ ಬರುವುದಿಲ್ಲ, ಗಾಂಜಾ ಮುಟ್ಟದವರಿಗೂ ಬರುತ್ತದೆ. ವಂಶವಾಹಿ, ಸೇದಲು ಶುರುಮಾಡಿದ ವಯಸ್ಸು, ಗಾಂಜಾದಲ್ಲಿ ಅಮಲು ತರುವ ಟಿಎಚ್‌ಸಿ ಅಂಶದ ತೀವ್ರತೆ ಎಲ್ಲ ಸೇರಿ ಅಪಾಯ ಹೆಚ್ಚುತ್ತದೆ.

ಬರೀ ಗಾಂಜಾದ ಪರಿಣಾಮವಾದರೆ, ಬಿಟ್ಟ ಮೇಲೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಲಕ್ಷಣ ಇಳಿಯಬೇಕು. ನಿಮ್ಮ ತಮ್ಮನ ವಿಷಯದಲ್ಲಿ ಈ ಪರೀಕ್ಷೆ ನಡೆಯದು, ಏಕೆಂದರೆ ಮಾತ್ರೆ ಕೆಲಸ ಮಾಡುತ್ತಿದೆ. ಡೆನ್ಮಾರ್ಕಿನ ದಾಖಲೆಗಳ ಪ್ರಕಾರ, "ಗಾಂಜಾದಿಂದ ಬಂದ ಸೈಕೋಸಿಸ್" (ವಾಸ್ತವದ ಅರಿವು ತಪ್ಪುವ ಸ್ಥಿತಿ) ಎಂದು ಗುರುತಿಸಲ್ಪಟ್ಟವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮುಂದೆ ಸ್ಕಿಜೋಫ್ರೀನಿಯಾ ಅಥವಾ ಬೈಪೋಲಾರ್ (ಅತಿ ಉತ್ಸಾಹ, ಖಿನ್ನತೆಗಳ ನಡುವೆ ಮನಸ್ಸು ತೂಗಾಡುವ ಕಾಯಿಲೆ) ಪತ್ತೆಯಾಯಿತು. ಅಪ್ಪನಿಗೆ ಇದನ್ನೇ ಹೇಳಿ. ಎಷ್ಟು ಕಾಲ ಮಾತ್ರೆ ಬೇಕು ಎಂಬುದನ್ನು ಮನೋವೈದ್ಯರು ನಿರ್ಧರಿಸಲಿ. ನಿಲ್ಲಿಸುವಾಗಲೂ ನಿಧಾನವಾಗಿ ಇಳಿಸುತ್ತಾರೆ.

ಮನೆಯವರ ಕಣ್ಣು ತಪ್ಪುವ ಇನ್ನೊಂದು ವಿಷಯವಿದೆ. ನಮ್ಮಲ್ಲಿ ಗಾಂಜಾವನ್ನು ಹೆಚ್ಚಾಗಿ ತಂಬಾಕಿಗೆ ಬೆರೆಸಿ ಸೇದುತ್ತಾರೆ. ಆ ಹೊಗೆಯಿಂದ ಯಕೃತ್ತು ಒಲಾಂಜಪಿನ್ನನ್ನು ಬೇಗ ಕರಗಿಸುತ್ತದೆ. ಎರಡನ್ನೂ ಒಮ್ಮೆಲೇ ಬಿಟ್ಟಾಗ, ಅದೇ ಡೋಸಿನಲ್ಲೂ ರಕ್ತದಲ್ಲಿ ಔಷಧ ಏರಿ ಅತಿ ನಿದ್ದೆ, ತಲೆಸುತ್ತು ಬರಬಹುದು. ಬಿಟ್ಟ ದಿನಾಂಕವನ್ನು ವೈದ್ಯರಿಗೆ ತಿಳಿಸಿ, ಡೋಸನ್ನು ಅವರೇ ಸರಿಹೊಂದಿಸಲಿ.

ಮೊದಲ ಎರಡು ವಾರ ಸಿಡುಕು, ನಿದ್ದೆಗೇಡು, ಊಟ ಸೇರದಿರುವುದು ಸಹಜ. ಕಾಯಿಲೆ ಮರಳಿತೆಂದು ಗಾಬರಿಯಾಗಬೇಡಿ. ಆದರೆ ಸಂಶಯ ಹೆಚ್ಚಿದರೆ, ಧ್ವನಿಗಳು ಮತ್ತೆ ಕೇಳಿದರೆ ಕಾಯದೆ ಕರೆದೊಯ್ಯಿರಿ. ದಿನವೂ ಸೇದುತ್ತಿದ್ದವರ ಮೂತ್ರದಲ್ಲಿ ಒಂದು ತಿಂಗಳವರೆಗೂ ಅಂಶ ಸಿಗಬಹುದು, ಆ ವರದಿ ಹಿಡಿದು ಬೈಯಬೇಡಿ. ಹಬ್ಬದ ಭಂಗಿಯಲ್ಲೂ ಇರುವುದು ಅದೇ ಟಿಎಚ್‌ಸಿ. ಅವನಿಗೆ ಅದೂ ಬೇಡ. ರಾತ್ರಿಯಾದರೂ ಸಲಹೆ ಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.