2030ಕ್ಕೆ ಶನಿ ಬಿಡ್ತಾನೆ, ಅಲ್ಲಿವರೆಗೆ ಸಹಿ ಹಾಕಲ್ಲ

ಊರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯುವುದಕ್ಕೆ ಆ ಕುಟುಂಬದವರು ಒಪ್ಪಿದ್ದಾರೆ. ಹೆಸರು ಬೇಡ, ಅಂಗಡಿಯವರು ಅಂತಲೇ ಕರೆಯುತ್ತೇನೆ.

ಅಂಗಡಿಯವರಿಗೆ 44 ವರ್ಷ. ತಾಲ್ಲೂಕು ಕೇಂದ್ರವೊಂದರಲ್ಲಿ ಜೆರಾಕ್ಸ್, ಡಿಟಿಪಿ, ಅರ್ಜಿ ಬರೆದುಕೊಡುವ ಅಂಗಡಿ ಇದೆ. ಮೀನ ರಾಶಿ. 2025ರ ಆಷಾಢದಲ್ಲಿ ಹೆಂಡತಿ ಅವರನ್ನು ನನ್ನ ಹತ್ತಿರ ಆಪ್ತಸಲಹೆಗೆ ಕರೆದುಕೊಂಡು ಬಂದರು. ಮೊದಲು ಮಾತಾಡಿದ್ದೂ ಹೆಂಡತಿಯೇ. "ಮೇಡಂ, ಇವ್ರು ಮಗಳ ಸ್ಕೂಲ್ ಡೈರಿಗೂ ಸಹಿ ಹಾಕ್ತಿಲ್ಲ."

ಅಂಗಡಿಯವರು ತಲೆ ಎತ್ತದೆ ಹೇಳಿದರು: "ಜನ್ಮಶನಿ ಮೇಡಂ. ನಾನು ಮುಟ್ಟಿದ್ದೆಲ್ಲ ಹಾಳಾಗ್ತಿದೆ. 2030ಕ್ಕೆ ಬಿಡ್ತಾನೆ. ಅಲ್ಲಿವರೆಗೂ ಸುಮ್ನೆ ಇದ್ದುಬಿಡೋದು ವಾಸಿ."

ಲೆಕ್ಕ ಸರಿಯಾಗಿಯೇ ಇತ್ತು. ಜನ್ಮರಾಶಿಯ ಹಿಂದಿನ ರಾಶಿ, ಜನ್ಮರಾಶಿ, ಅದರ ಮುಂದಿನ ರಾಶಿ, ಈ ಮೂರರಲ್ಲಿ ಶನಿ ಇರುವ ಕಾಲವನ್ನೇ ಸಾಡೇಸಾತಿ ಅನ್ನುತ್ತಾರೆ. ಒಂದೊಂದರಲ್ಲಿ ಸುಮಾರು ಎರಡೂವರೆ ವರ್ಷ. ಆಕಾಶದಲ್ಲಿ ಗ್ರಹ ನಿಜವಾಗಿ ಇರುವ ಜಾಗ ಹಿಡಿದು ಲೆಕ್ಕ ಹಾಕುವ ದೃಕ್ ಪಂಚಾಂಗದ ಪ್ರಕಾರ 2023ರ ಜನವರಿಯಲ್ಲಿ ಶನಿ ಕುಂಭಕ್ಕೆ ಬಂದ, 2025ರ ಮಾರ್ಚ್ 29ಕ್ಕೆ ಮೀನಕ್ಕೆ. ಅಲ್ಲಿಂದ ಜನ್ಮಶನಿ, ಅಂದರೆ ಜನ್ಮರಾಶಿಯಲ್ಲೇ ಶನಿ. ಮೇಷ ದಾಟಿ ಪೂರ್ತಿ ಬಿಡುವುದು 2030ಕ್ಕೆ.

ಆದರೆ ಅಂಗಡಿಯವರು ಸುಮ್ಮನೆ ಇರಲಿಲ್ಲ. ಒಂದೊಂದಾಗಿ ಎಲ್ಲವನ್ನೂ ಬಿಡುತ್ತಾ ಬಂದಿದ್ದರು. ಅಣ್ಣನ ಮಗಳ ಮದುವೆಗೆ ಹೋಗಲಿಲ್ಲ, ತನ್ನ ದೃಷ್ಟಿ ತಾಗಬಾರದು ಅಂತ. ಶನಿವಾರ ಮಗಳನ್ನು ಬೈಕಿನಲ್ಲಿ ಕೂರಿಸಿಕೊಳ್ಳುತ್ತಿರಲಿಲ್ಲ. ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಊಟ ಸೇರುತ್ತಿರಲಿಲ್ಲ. ಅಂಗಡಿಯ ಶಟರ್ ಎತ್ತುವುದು ಹನ್ನೊಂದಾದರೂ ಆದೀತು, ಎತ್ತದೆಯೂ ಇದ್ದೀತು. ಮನೆಯಲ್ಲಿ ತಾಯಿ "ನಿನ್ನ ಹೆಗಲ ಮೇಲೆ ಶನಿ ಕೂತಿದಾನೆ ಕಣಪ್ಪ, ಯಾವುದಕ್ಕೂ ಕೈ ಹಾಕ್ಬೇಡ" ಅನ್ನುತ್ತಿದ್ದರು. ಪ್ರೀತಿಯಿಂದಲೇ ಹೇಳಿದ್ದು. ಕೇಳಿ ಕೇಳಿ ಇವರಿಗೆ ತಾನೇ ಶನಿ ಅನ್ನಿಸತೊಡಗಿತ್ತು.

ಎಲ್ಲಕ್ಕಿಂತ ಜಾಸ್ತಿ ಪೆಟ್ಟು ಕೊಟ್ಟಿದ್ದು ಬ್ಯಾಂಕಿನ ಕಾಗದ. ನಾಲ್ಕು ಲಕ್ಷದ ಮುದ್ರಾ ಸಾಲ ಇತ್ತು. ಕಂತು ತಪ್ಪುತ್ತಿದ್ದಾಗ ಬ್ಯಾಂಕಿನವರೇ ಕರೆದು, ಅವಧಿ ಹೆಚ್ಚಿಸಿ ಕಂತು ಕಡಿಮೆ ಮಾಡಿಕೊಡುತ್ತೇವೆ, ಸಹಿ ಹಾಕಿ ಅಂದಿದ್ದರು. ಇವರು ಕಾಗದ ತಂದು ದೇವರ ಮನೆಯ ಕಪಾಟಿನಲ್ಲಿ ಇಟ್ಟರು. ಶನಿಯಲ್ಲಿ ಹೊಸ ಪತ್ರಕ್ಕೆ ಸಹಿ ಬೇಡ ಅಂತ ಜ್ಯೋತಿಷಿಯೊಬ್ಬರು ಹೇಳಿದ್ದರಂತೆ. 90 ದಿನ ಮೀರಿ ಕಂತು ಬಾಕಿಯಾದರೆ ಖಾತೆ ಕೆಟ್ಟ ಸಾಲ, ಅಂದರೆ ಎನ್‌ಪಿಎ ಆಗುತ್ತದೆ. ಇವರದ್ದೂ ಆಯಿತು. ನೋಟಿಸ್ ಬಂತು. "ನೋಡಿದ್ರಾ ಮೇಡಂ, ಶನಿ" ಅಂದರು. ಹೆದರಿಕೆಯಿಂದ ಸಹಿ ಹಾಕಲಿಲ್ಲ, ಹಾಕದ್ದಕ್ಕೆ ನೋಟಿಸ್ ಬಂತು, ನೋಟಿಸ್ ನೋಡಿ ಹೆದರಿಕೆ ಇನ್ನಷ್ಟಾಯಿತು. ಈ ಸುತ್ತನ್ನು ಎಲ್ಲಾದರೂ ಕಡಿಯಬೇಕಿತ್ತು.

ಅಷ್ಟರಲ್ಲಿ ನೀಲದ ಉಂಗುರ, ಕುದುರೆ ಲಾಳದ ಉಂಗುರ, ಶಾಂತಿ ಹೋಮ ಎಲ್ಲ ಮುಗಿದಿತ್ತು. ಹೋಮಕ್ಕೆ ಹೆಂಡತಿಯ ಸರ ಅಡ ಇಟ್ಟಿದ್ದರು. ಸಾಲದಲ್ಲಿ ಮುಳುಗಿದವರಿಗೆ ಇನ್ನೊಂದು ಸಾಲ ಮಾಡಿಸಿ ಪರಿಹಾರ ಹೇಳುವವರ ಬಗ್ಗೆ ನನಗೆ ಸಿಟ್ಟು ಬರುತ್ತದೆ. ಆ ಸಿಟ್ಟನ್ನು ಅಂಗಡಿಯವರ ಮುಂದೆ ತೋರಿಸಲಿಲ್ಲ. ನಂಬಿಕೆಯನ್ನು ಆಡಿಕೊಂಡರೆ ಬಂದವರು ಎದ್ದು ಹೋಗುತ್ತಾರೆ, ಮತ್ತೆ ಬರುವುದಿಲ್ಲ.

ಮೊದಲ ದಿನ ಕೇಳಿದ್ದು

ಜಾತಕದ ಮಾತು ಬದಿಗಿಟ್ಟು ಮೊದಲು ನೇರವಾಗಿ ಕೇಳಿದೆ: "ಸತ್ತುಹೋದ್ರೆ ಸಾಕು ಅನ್ನಿಸುತ್ತಾ?" ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆಳಗ್ಗೆ ಏಳದೇ ಇದ್ರೆ ಚೆನ್ನಾಗಿತ್ತು ಅನ್ಸುತ್ತೆ. ಏನೂ ಮಾಡ್ಕೊಳ್ಳೋಕೆ ಹೋಗಿಲ್ಲ" ಅಂದರು. ಹೆಂಡತಿಗೆ ಅದು ಗೊತ್ತೇ ಇರಲಿಲ್ಲ. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ 27ಕ್ಕೆ 17 ಬಂತು. 15 ದಾಟಿದರೆ ಮಾತುಕತೆಯ ಜೊತೆ ಮನೋವೈದ್ಯರನ್ನೂ ಕಾಣಲೇಬೇಕು ಅನ್ನುವವಳು ನಾನು. ಕಿವಿ ಕೊಟ್ಟು ಕೇಳಿ ಅಂತ ಇಬ್ಬರಿಗೂ ಹೇಳಿದೆ: ಕಷ್ಟ ಯಾರು ಕೊಟ್ಟರು ಅನ್ನುವ ಚರ್ಚೆ ಆಮೇಲೆ. ನಿದ್ದೆ, ಊಟ, ಆಸಕ್ತಿ ಎಲ್ಲ ಹೋಗಿರುವುದು ಕಾಯಿಲೆ. ಇದಕ್ಕೆ 2030ರವರೆಗೆ ಕಾಯಬೇಕಾಗಿಲ್ಲ.

ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಅಲ್ಲಿಗೆ ಚೀಟಿ ಬರೆದುಕೊಟ್ಟೆ. ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ ಅಂದೆ. ಮಾತ್ರೆ ಚಟವಾಗುತ್ತದಲ್ವಾ ಅಂತ ಕೇಳಿದರು. ಖಿನ್ನತೆಗೆ ಕೊಡುವ ಮಾತ್ರೆ ಚಟ ಹಿಡಿಸುವುದಿಲ್ಲ, ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ವಾಸಿ ಅನ್ನಿಸಿದ ಮೇಲೂ ಆರು ತಿಂಗಳಾದರೂ ತೆಗೆದುಕೊಳ್ಳಬೇಕು, ವೈದ್ಯರನ್ನು ಕೇಳದೆ ಬಿಡಬಾರದು, ಇಷ್ಟು ಬಿಡಿಸಿ ಹೇಳಿದೆ. ರಾತ್ರಿ ಹೊತ್ತು ಸಾವಿನ ಯೋಚನೆ ಬಂದರೆ 14416ಕ್ಕೆ ಫೋನ್ ಮಾಡಲು ಹೇಳಿದೆ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಯಾವ ಹೊತ್ತಿನಲ್ಲೂ ಕನ್ನಡದಲ್ಲಿ ಮಾತಾಡುತ್ತಾರೆ. ನಂಬರನ್ನು ಹೆಂಡತಿಯ ಫೋನಿನಲ್ಲೂ ಹಾಕಿಸಿದೆ.

ಶನಿಯ ಲೆಕ್ಕವನ್ನೇ ಹಿಡಿದು

ಮಾತ್ರೆ ಶುರುವಾಗಿ ಮೂರು ವಾರ ಆದ ಮೇಲೆ ಶನಿಯ ವಿಷಯಕ್ಕೆ ಬಂದೆವು. ನಾನು ಜ್ಯೋತಿಷಿ ಅಲ್ಲ. ಶನಿ ಇದ್ದಾನೋ ಇಲ್ಲವೋ ಅಂತ ತೀರ್ಪು ಕೊಡುವುದು ನನ್ನ ಕೆಲಸವೂ ಅಲ್ಲ. ಆದರೆ ಆ ಶಾಸ್ತ್ರ ನಿಜವಾಗಿ ಏನು ಹೇಳುತ್ತದೆ, ಜನ ಹೆದರಿ ಏನು ಸೇರಿಸಿಕೊಂಡಿದ್ದಾರೆ ಅನ್ನುವುದನ್ನು ಬಿಡಿಸಿ ನೋಡಬಹುದು.

ಒಂದು ಹಾಳೆಯಲ್ಲಿ ಆದದ್ದನ್ನೆಲ್ಲ ಇಸವಿ ಹಾಕಿ ಬರೆಯಲು ಹೇಳಿದೆ. ಸಾಲ ಮಾಡಿದ್ದು 2021. ಆಗ ಶನಿ ಮಕರದಲ್ಲಿದ್ದ. ಮೀನಕ್ಕೆ ಮಕರ ಹನ್ನೊಂದನೆಯ ಮನೆ. ಗೋಚಾರದಲ್ಲಿ, ಅಂದರೆ ಗ್ರಹಗಳ ಆಯಾ ಕಾಲದ ಸಂಚಾರದಲ್ಲಿ, ಶನಿ ಜನ್ಮರಾಶಿಯಿಂದ 3, 6, 11ರಲ್ಲಿದ್ದರೆ ಒಳ್ಳೆಯದು ಅಂತ ಶಾಸ್ತ್ರವೇ ಹೇಳುತ್ತದೆ. ಅಂದರೆ ಈಗ ಕುತ್ತಿಗೆಗೆ ಬಂದಿರುವ ಸಾಲ ಮಾಡಿದ್ದು ಶನಿ ಒಳ್ಳೆಯವನಾಗಿದ್ದ ಕಾಲದಲ್ಲೇ. ವ್ಯಾಪಾರ ಬಿದ್ದಿದ್ದು ಯಾವಾಗ? ಅಂಗಡಿ ಎದುರಿಗಿದ್ದ ತಾಲ್ಲೂಕು ಕಚೇರಿ ಊರಾಚೆಯ ಹೊಸ ಕಟ್ಟಡಕ್ಕೆ ಹೋದ ಮೇಲೆ. ಪಹಣಿ, ಜಾತಿ ಪ್ರಮಾಣಪತ್ರ ಅಂತ ಬರುತ್ತಿದ್ದವರೆಲ್ಲ ಅಲ್ಲೇ ಪಕ್ಕದ ಅಂಗಡಿಗೆ ಹೋಗುತ್ತಿದ್ದರು. ಇವರಿಗೂ ಅಲ್ಲಿಗೆ ಹೋಗಬೇಕು ಅನ್ನಿಸಿತ್ತು. ಶನಿಯಲ್ಲಿ ಜಾಗ ಬದಲಿಸಬಾರದು ಅಂತ ಕೂತಿದ್ದರು.

ಆಮೇಲೆ ಕೇಳಿದ ಪ್ರಶ್ನೆಯೇ ಅವರನ್ನು ಅಲ್ಲಾಡಿಸಿದ್ದು. ಶನಿ ಒಂದು ಸುತ್ತು ಮುಗಿಸಲು ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ಹಾಗಾದರೆ ಇದು ಅವರ ಮೊದಲ ಸಾಡೇಸಾತಿ ಅಲ್ಲ. ಹಿಂದಿನದು 1993ರಿಂದ 2000. "ಆ ಏಳೂವರೆ ವರ್ಷದಲ್ಲಿ ಏನೇನಾಯ್ತು ಹೇಳಿ" ಅಂದೆ. ಬೆರಳು ಮಡಚಿ ಎಣಿಸಿದರು. ಅಜ್ಜಿ ತೀರಿಕೊಂಡಿದ್ದು. ಎಸ್‌ಎಸ್‌ಎಲ್‌ಸಿ ಫಸ್ಟ್ ಕ್ಲಾಸ್‌ನಲ್ಲಿ ಪಾಸಾಗಿದ್ದು. ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿ ಕನ್ನಡ ಜೂನಿಯರ್, ಸೀನಿಯರ್ ಎರಡೂ ಮುಗಿಸಿದ್ದು. ಅಲ್ಲಿಗೆ ನಿಂತರು. ಅವರ ಅನ್ನ ಹುಟ್ಟಿದ್ದೇ ಆ ಟೈಪಿಂಗ್‌ನಿಂದ. ಅದನ್ನು ನಾನು ಹೇಳಬೇಕಾಗಲಿಲ್ಲ. ಹೆಂಡತಿ ಹೇಳಿದರು: "ಶನಿ ಕಾಲದಲ್ಲೇ ಕಲ್ತಿದ್ದು ಕಣ್ರೀ."

ಇನ್ನೊಂದು ಲೆಕ್ಕವನ್ನೂ ಮುಂದಿಟ್ಟೆ. ಹನ್ನೆರಡು ರಾಶಿಯಲ್ಲಿ ಯಾವಾಗಲೂ ಮೂರು ರಾಶಿಗೆ ಸಾಡೇಸಾತಿ ಇದ್ದೇ ಇರುತ್ತದೆ, ಅಂದರೆ ಹೆಚ್ಚುಕಮ್ಮಿ ನಾಲ್ಕು ಜನರಲ್ಲಿ ಒಬ್ಬರಿಗೆ. ಶನಿ ಎಂಟನೆಯ ಮನೆಯಲ್ಲಿರುವ ಅಷ್ಟಮ ಶನಿ, ನಾಲ್ಕರಲ್ಲಿರುವ ಅರ್ಧಾಷ್ಟಮ ಶನಿ ಸೇರಿಸಿದರೆ ಹನ್ನೆರಡಕ್ಕೆ ಐದು. ಇಷ್ಟೂ ಜನ ಸಹಿ ಹಾಕದೆ ಕೂತರೆ ಬ್ಯಾಂಕು, ಕಚೇರಿ, ಅಂಗಡಿ ನಡೆಯುವುದು ಹೇಗೆ? ಪಂಚಾಂಗಗಳೂ ಒಂದೇ ಮಾತು ಹೇಳುವುದಿಲ್ಲ. ಪುದುಚೇರಿಯ ತಿರುನಳ್ಳಾರಿನ ಶನೀಶ್ವರ ದೇವಸ್ಥಾನ ಹಳೆಯ ಸೂತ್ರಗಳ ಮೇಲೆ ನಡೆಯುವ ವಾಕ್ಯ ಪಂಚಾಂಗ ಅನುಸರಿಸುತ್ತದೆ, ಅಲ್ಲಿ ಶನಿ ಮೀನಕ್ಕೆ ಬರುವುದು 2026ರಲ್ಲಿ. ಇವರು ಜನ್ಮಶನಿ ಅಂತ ಬಾಗಿಲು ಹಾಕಿಕೊಂಡ ಆ ತಿಂಗಳುಗಳಲ್ಲಿ, ಆ ಲೆಕ್ಕದಂತೆ ಶನಿ ಕುಂಭದಲ್ಲೇ ಇದ್ದ.

ಶನಿ ಅಂದರೆ ಬರೀ ಕಷ್ಟ ಅಂತ ನಮ್ಮಲ್ಲಿ ಬೈಗುಳವೇ ಆಗಿಬಿಟ್ಟಿದೆ. ಶಾಸ್ತ್ರದಲ್ಲಿ ಅವನ ಪಾಲಿಗೆ ಬಂದಿರುವುದನ್ನು ನೋಡಿ. ಸೂರ್ಯ ಮತ್ತು ಛಾಯೆಯ ಮಗ, ಯಮನ ತಮ್ಮ. ನಿಧಾನ ನಡಿಗೆ, ಕಾಗೆ ವಾಹನ, ಕಬ್ಬಿಣ, ಎಳ್ಳು, ಕಪ್ಪು ಬಟ್ಟೆ. ಮೈಮುರಿದು ದುಡಿಯುವುದು, ವಯಸ್ಸಾದವರು, ಕೂಲಿಯವರು, ತಡವಾಗಿ ಬರುವ ಫಲ, ತಾಳ್ಮೆ, ಎಲ್ಲಕ್ಕೂ ಅವನೇ ಕಾರಕ. ಉಚ್ಚನಾಗುವುದು ತುಲೆಯಲ್ಲಿ, ತಕ್ಕಡಿಯ ರಾಶಿಯಲ್ಲಿ. ಕೆಲಸ ಬಿಟ್ಟು ಕೂರು ಅನ್ನುವ ಗ್ರಹ ಇದಲ್ಲ. ಅವರ ಮನೆಯ ಪುರೋಹಿತರನ್ನೂ ಕೇಳಿಕೊಂಡು ಬನ್ನಿ ಅಂದೆ. ಅವರು ಜಾತಕ ಬಿಡಿಸಿ, ನಿಂದು ತುಲಾ ಲಗ್ನ, ನಿನಗೆ ಶನಿ ಯೋಗಕಾರಕ, ಒಳ್ಳೆಯದು ಮಾಡೋನು, ಗೋಚಾರ ಒಂದನ್ನೇ ನೋಡಿ ಯಾಕಪ್ಪ ಹೆದರ್ತೀಯ ಅಂದರಂತೆ. ನಾನು ಹತ್ತು ಸಲ ಹೇಳಿದ್ದರೂ ಅಷ್ಟು ನಾಟುತ್ತಿರಲಿಲ್ಲ. ಆ ಹಿರಿಯರು ದಕ್ಷಿಣೆಯನ್ನೂ ತೆಗೆದುಕೊಳ್ಳಲಿಲ್ಲ.

ಶ್ರಾವಣ ಶನಿವಾರ ಅವರ ಮನೆಯಲ್ಲಿ ಶನಿಮಹಾತ್ಮೆ ಕಥೆ ಓದಿಸುತ್ತಾರೆ. ಆ ಕಥೆಯಲ್ಲಿ ಶನಿ ಕಾಟಕ್ಕೆ ಸಿಕ್ಕ ವಿಕ್ರಮರಾಜನ ಕೈಕಾಲು ಕಡಿದ ಮೇಲೆ ಅವನು ಏನು ಮಾಡಿದ ಅಂತ ಕೇಳಿದೆ. "ಗಾಣಿಗರ ಮನೇಲಿ ಗಾಣದ ಮೇಲೆ ಕೂತು ಎತ್ತು ಹೊಡೀತಿದ್ದ. ಹಾಡು ಹೇಳ್ತಿದ್ದ" ಅಂದರು. "ಶನಿ ಕಳೀಲಿ ಅಂತ ಮಲಗಿದ್ನಾ?" ಉತ್ತರ ಬರಲಿಲ್ಲ, ಮುಖದಲ್ಲಿ ಸಣ್ಣ ನಗು ಬಂತು. ನಾನು ಕಂಡ ಮೊದಲ ನಗು.

ಕೊಟ್ಟ ಸಲಹೆ

ಶನಿವಾರದ ಎಳ್ಳೆಣ್ಣೆ ದೀಪ ಬಿಡಬೇಡಿ, ಮನಸ್ಸಿಗೆ ಹಿತವಾಗುತ್ತಿದ್ದರೆ ಹಚ್ಚಿ ಅಂದೆ. ಪರಿಹಾರಕ್ಕೆ ಅಂತ ಇನ್ನೊಂದು ರೂಪಾಯಿ ಸಾಲ ಮಾತ್ರ ಬೇಡ. ಅಂಗಡಿಯ ಹುಡುಗನಿಗೆ ಎರಡು ತಿಂಗಳ ಸಂಬಳ ಬಾಕಿ ಇತ್ತು. ದುಡಿಯುವವರ ಗ್ರಹಕ್ಕೆ ದೀಪ ಹಚ್ಚಿ, ದುಡಿದವನ ಸಂಬಳ ಹಿಡಿದಿಟ್ಟುಕೊಂಡರೆ ಹೇಗೆ? ಮೊದಲು ಅದನ್ನು ಕೊಡಿ ಅಂದೆ. ಮುಂದಿನ ವಾರವೇ ಅರ್ಧ ಕೊಟ್ಟರು.

ಸಹಿಯ ಹೆದರಿಕೆಗೆ ಮೆಟ್ಟಿಲು ಮೆಟ್ಟಿಲಾಗಿ ಹೋದೆವು. ಮೊದಲು ಮಗಳ ಡೈರಿ. ಸಹಿ ಹಾಕುವ ಮುಂಚೆ, ಏನಾಗಬಹುದು ಅಂತ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಸಂಜೆ, ಏನಾಯಿತು ಅಂತ ಪಕ್ಕದಲ್ಲೇ ಬರೆಯಬೇಕು. "ಮಗಳಿಗೆ ಜ್ವರ ಬರಬಹುದು" ಅಂತ ಬೆಳಗ್ಗೆ ಬರೆದಿದ್ದರು. ಸಂಜೆ: "ಬರಲಿಲ್ಲ. ಅಪ್ಪ ಸಹಿ ಹಾಕಿದಾರೆ ಅಂತ ಮಿಸ್‌ಗೆ ತೋರಿಸಿದಳಂತೆ." ಆಮೇಲೆ ಗ್ಯಾಸ್ ಪುಸ್ತಕ, ಕೊರಿಯರ್, ಶನಿವಾರದಂದೇ ಒಂದು ಸಹಿ. ಒಂದು ಸಲ ಸಹಿ ಹಾಕಿದ ದಿನವೇ ಪ್ರಿಂಟರ್ ಕೆಟ್ಟಿತು, ಎರಡು ದಿನ ಮತ್ತೆ ಮಂಕಾದರು. ಹಿಂದೆ ಎಷ್ಟು ಸಲ ಕೆಟ್ಟಿದೆ ಅಂತ ರಿಪೇರಿ ಬಿಲ್ಲುಗಳನ್ನು ತೆಗೆಸಿದೆ. ಮಕರದ ಶನಿಯಲ್ಲೂ ಕೆಟ್ಟಿತ್ತು.

ಅಂಗಡಿಗೆ ಒಂದೇ ಕಟ್ಟುಪಾಡು: ಒಂಬತ್ತೂವರೆಗೆ ಶಟರ್ ಎತ್ತುವುದು, ಮನಸ್ಸು ಬರಲಿ ಬಿಡಲಿ. ಮನೆಯವರಿಗೆ ಹೇಳಿದ್ದು, ಶನಿ ಅನ್ನುವ ಮಾತನ್ನು ಅವರ ಹೆಸರಿನ ಜೊತೆ ಸೇರಿಸಬೇಡಿ ಅಂತ. ಬ್ಯಾಂಕಿಗೆ ಹೆಂಡತಿ ಜೊತೆಗೆ ಹೋದರು. ಮ್ಯಾನೇಜರ್ ಮೊದಲು ಬಾಕಿಯಲ್ಲಿ ಒಂದು ಪಾಲು ಕಟ್ಟಿ ಅಂದರು. ನೀಲದ ಉಂಗುರ ಮಾರಿ, ಬಂದ ದುಡ್ಡನ್ನು ಅಲ್ಲಿಗೇ ಕಟ್ಟಿದರು. ಮಾರುವ ಯೋಚನೆ ಅವರದ್ದೇ.

ಆರು ತಿಂಗಳಾದ ಮೇಲೆ ಅದೇ ಒಂಬತ್ತು ಪ್ರಶ್ನೆಗೆ 7 ಬಂತು. ಕಂತು ಕಡಿಮೆಯಾಗಿ, ತಿಂಗಳು ತಿಂಗಳು ಕಟ್ಟುತ್ತಿದ್ದಾರೆ. ಹೊಸ ತಾಲ್ಲೂಕು ಕಚೇರಿ ಹತ್ತಿರ ಒಂದು ಸಣ್ಣ ಮಳಿಗೆ ನೋಡಿದ್ದಾರೆ, ಮುಂಗಡ ಇನ್ನೂ ಹೊಂದಿಲ್ಲ. ಮಾತ್ರೆ ನಡೆಯುತ್ತಿದೆ. ಶನಿವಾರ ಮಗಳನ್ನು ಬೈಕಿನಲ್ಲಿ ಕೂರಿಸಿಕೊಳ್ಳಲು ಈಗಲೂ ಹಿಂಜರಿಯುತ್ತಾರೆ. ತಾಯಿ ಇನ್ನೂ 2030ರ ಮಾತೇ ಆಡುತ್ತಾರಂತೆ. ಮುಂದಿನ ಸಲ ಅಮ್ಮನನ್ನೂ ಕರೆದುಕೊಂಡು ಬನ್ನಿ ಅಂದಿದ್ದೇನೆ.