ಸೋಮರಸ ಅಣಬೆಯದ್ದೇ?

ಪ್ರಶ್ನೆ: ಋಗ್ವೇದದ ಸೋಮರಸ ಅಮಲೇರಿಸುವ ಅಣಬೆಯ ರಸ, ನಮ್ಮ ಧರ್ಮ ಹುಟ್ಟಿದ್ದೇ ಆ ಅಮಲಿನಲ್ಲಿ ಎಂದು ನನ್ನ ಮಗ ವಾದಿಸುತ್ತಾನೆ. ನಾನು ಅದನ್ನು ಹೆಂಡ ಅಂದುಕೊಂಡಿದ್ದೆ. ಯಾವುದು ನಿಜ ಸರ್?
– ಓದುಗರೊಬ್ಬರು, ಸಾಗರ

ಉತ್ತರ: ಹೆಂಡವಂತೂ ಅಲ್ಲ. ಋಗ್ವೇದದ ಕಾಲದಲ್ಲಿ ಸುರೆ ಬೇರೆಯೇ ಇತ್ತು. ಏಳನೆಯ ಮಂಡಲದ ಒಂದು ಸೂಕ್ತದಲ್ಲಿ ಸಿಟ್ಟು, ಜೂಜಿನ ಜೊತೆ ಅದೂ ಮನುಷ್ಯನಿಂದ ತಪ್ಪು ಮಾಡಿಸುತ್ತದೆ ಎಂದಿದೆ. ಸೋಮವನ್ನು ಕಲ್ಲಿನಿಂದ ಜಜ್ಜಿ, ಕುರಿಯ ಉಣ್ಣೆಯಲ್ಲಿ ಸೋಸಿ, ಹಾಲೋ ಮೊಸರೋ ಬೆರೆಸಿ ಅವತ್ತೇ ಕುಡಿಯುತ್ತಿದ್ದರು. ಹುಳಿ ಬಂದು ಹೆಂಡವಾಗಲು ಹೊತ್ತೆಲ್ಲಿತ್ತು?

ಅಣಬೆಯ ಮಾತಿಗೆ ಮೂಲವಿದೆ. 1968ರಲ್ಲಿ ಗಾರ್ಡನ್ ವಾಸನ್ ಎಂಬ ಅಮೆರಿಕದ ನಿವೃತ್ತ ಬ್ಯಾಂಕರ್ ಈ ವಾದ ಮುಂದಿಟ್ಟರು. ಕೆಂಪು ಟೋಪಿಯ ಮೇಲೆ ಬಿಳಿ ಚುಕ್ಕೆಯಿರುವ ಅಣಬೆಯನ್ನು ಮಕ್ಕಳ ಪುಸ್ತಕಗಳಲ್ಲಿ ನೋಡಿರುತ್ತೀರಿ, ಅಲ್ವಾ? ಅದೇ ಸೋಮ ಎಂದರು. ಸೈಬೀರಿಯಾದ ಪೂಜಾರಿಗಳು ಅದನ್ನು ತಿನ್ನುತ್ತಿದ್ದದ್ದು ನಿಜ. ವೇದದಲ್ಲಿ ಸೋಮದ ಎಲೆಯ ಮಾತೇ ಇಲ್ಲ, ಹಾಗಾಗಿ ಅದು ಗಿಡವೇ ಅಲ್ಲ ಎಂಬುದೂ ಅವರ ಒಂದು ಆಧಾರ.

ಸಸ್ಯಶಾಸ್ತ್ರ ಪಾಠ ಮಾಡಿದ ನನಗೆ ಇದು ಒಪ್ಪಿಗೆಯಾಗಿಲ್ಲ. ಎಲೆಯೇ ಕಾಣದ ಗಿಡಗಳೂ ಇವೆ. ಲಡಾಖ್, ಸ್ಪಿತಿಯ ಒಣ ಬೆಟ್ಟಗಳಲ್ಲಿ ಎಫೆಡ್ರಾ ಎಂಬ ಕುರುಚಲು ಗಿಡ ಬೆಳೆಯುತ್ತದೆ. ಗಂಟುಗಂಟಾದ ಹಸಿರು ಕಡ್ಡಿಗಳು ಅಷ್ಟೇ. ಎಲೆಗಳು ಸಣ್ಣ ಹೊಪ್ಪಳೆಯಂತೆ ಗಂಟಿಗೆ ಅಂಟಿಕೊಂಡಿರುತ್ತವೆ. ಪಾರ್ಸಿಗಳ ಯಸ್ನ ಪೂಜೆಯಲ್ಲಿ ಇಂದಿಗೂ ಹವೋಮ ಎಂಬ ಪವಿತ್ರ ರಸಕ್ಕೆ ಇದರ ಕಡ್ಡಿಯನ್ನೇ ಜಜ್ಜುತ್ತಾರೆ. ಹವೋಮ ಮತ್ತು ಸೋಮ ಒಂದೇ ಮೂಲದ ಪದಗಳು. ಇದರಲ್ಲಿರುವ ಎಫೆಡ್ರಿನ್ ನಿದ್ದೆ ಓಡಿಸುತ್ತದೆ, ಎದೆಬಡಿತ ಜಾಸ್ತಿ ಮಾಡುತ್ತದೆ. ವೇದದಲ್ಲೂ ಸೋಮನನ್ನು ಎಚ್ಚರವಿರುವವನು, ಜಾಗೃವಿ, ಎಂದೇ ಮತ್ತೆ ಮತ್ತೆ ಹೊಗಳಿದ್ದಾರೆ. ಆ ಕೆಂಪು ಅಣಬೆಯಾದರೆ ಮಂಪರು ತರುತ್ತದೆ. ಇಷ್ಟೆಲ್ಲ ಹೇಳಿದರೂ ವಿದ್ವಾಂಸರ ಜಗಳ ಮುಗಿದಿಲ್ಲ. ನನ್ನ ಒಲವು ಎಫೆಡ್ರಾದ ಕಡೆಗೆ.

ಇನ್ನು ಧರ್ಮ ಹುಟ್ಟಿದ್ದೇ ಅಮಲಿನಲ್ಲಿ ಎಂಬ ಮಾತು. ನಿಮ್ಮ ಮಗನಿಗೆ ಮುಖ್ಯವಾಗಿ ಹೇಳಬೇಕಾದ್ದು ಇದೇ. ಒಂಬತ್ತನೆಯ ಮಂಡಲದ 114 ಸೂಕ್ತಗಳು ಸೋಮನಿಗೇ ಮೀಸಲು. ಅವುಗಳಲ್ಲಿ ಆ ರಸದ ಉತ್ಸಾಹ ಕಾಣುತ್ತದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಮೂಲ ಗಿಡ ಸಿಗದಿದ್ದರೆ ಬದಲಿಗೆ ಯಾವುದನ್ನು ಬಳಸಬೇಕೆಂದು ಯಜ್ಞವಿಧಿಯನ್ನು ವಿವರಿಸುವ, ವೇದದ ಭಾಗವೇ ಆದ ‘ಬ್ರಾಹ್ಮಣ’ ಎಂಬ ಗ್ರಂಥಗಳ ಹೊತ್ತಿಗಾಗಲೇ ಬರೆದಿಟ್ಟಿದ್ದರು. ಅಂದರೆ ಆ ಮೂಲ ರಸವಿಲ್ಲದೆಯೂ ಯಜ್ಞ ನಿಲ್ಲಲಿಲ್ಲ. 1975ರಲ್ಲಿ ಕೇರಳದ ಪಾಂಞಾಳ್‌ನಲ್ಲಿ ನಂಬೂದಿರಿಗಳು ಹನ್ನೆರಡು ದಿನದ ಅಗ್ನಿಚಯನ ಎಂಬ ವೈದಿಕ ಯಜ್ಞ ಮಾಡಿದಾಗಲೂ ಹಿಂಡಿದ್ದು ದಕ್ಷಿಣದ ಸೋಮಲತೆಯನ್ನು. ಅದು ಎಫೆಡ್ರಾದ ಕುಲಕ್ಕೇ ಸೇರದ, ಮುರಿದರೆ ಹಾಲು ಬರುವ ಬಳ್ಳಿ. ಮಂತ್ರ ಮಾತ್ರ ಹಳೆಯದೇ.